ಯಾರ ಸ್ವತ್ತು, ಯಾರ ದಾನ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಬರುವವರು ಕಲ್ಲೇಶ್ವರ ಗುಡಿಯ ಕಂಬಗಳನ್ನು ನೋಡುತ್ತಾರೆ. ಸಭಾಮಂಟಪಕ್ಕೆ ಮೊದಲು 64 ಕಂಬಗಳಿದ್ದವು. ತೆಂಕಣ ದಿಕ್ಕಿಗೆ ಮುಖ ಮಾಡಿದ ಸೂರ್ಯನನ್ನೂ ಬಡಗಣಕ್ಕೆ ಮುಖ ಮಾಡಿದ ನರಸಿಂಹನನ್ನೂ ಸುತ್ತಲಿನ ಚಿಕ್ಕ ಗುಡಿಗಳನ್ನೂ ನೋಡಿ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಅಕ್ಷರ ಕೆತ್ತಿದ ಕಲ್ಲುಗಳ ಮುಂದೆ ನಿಲ್ಲುವವರು ಕಡಿಮೆ. ಆ ಆವರಣದಲ್ಲಿ 36 ಕನ್ನಡ ಶಾಸನಗಳಿವೆ. ಒಂದೇ ಊರಿನಲ್ಲಿ ಇಷ್ಟು ಬರಹ ಉಳಿದಿರುವುದು ಅಪರೂಪ. ಇವುಗಳಲ್ಲಿ ಬಹುಪಾಲು ದಾನದ ದಾಖಲೆಗಳು: ಯಾರು ಕೊಟ್ಟರು, ಏನು ಕೊಟ್ಟರು, ಯಾವ ದೊರೆಯ ಕಾಲದಲ್ಲಿ ಕೊಟ್ಟರು.

ಕೊಡುವುದು ಮತ್ತು ಆಳುವುದು ಜೊತೆಜೊತೆಯಾಗಿ ನಡೆದದ್ದಕ್ಕೆ ಈ ಸೀಮೆಯಲ್ಲಿ ಸಾವಿರ ವರ್ಷದ ಸಾಕ್ಷಿ ಇದೆ. ಚುನಾವಣೆ ಹತ್ತಿರ ಬಂದಾಗ ಮನೆಮನೆಗೆ ಬರುವ ಸೀರೆ, ಕುಕ್ಕರ್‌ಗಳ ಬಗ್ಗೆ ಮಾತನಾಡುವಾಗ ನಾವು ಅದನ್ನು ಈ ಕಾಲದ ಕೆಡುಕು ಎಂಬಂತೆ ಮಾತನಾಡುತ್ತೇವೆ. ಬಾಗಳಿಯ ಕಲ್ಲುಗಳನ್ನು ಓದಿದ ಮೇಲೆ ಹಾಗೆ ಹೇಳಲು ನನಗೆ ಸಾಧ್ಯವಾಗುತ್ತಿಲ್ಲ. ರಾಜಕೀಯವಿಲ್ಲದ ದಾನ ಆಗಲೂ ಇರಲಿಲ್ಲ. ಬದಲಾಗಿರುವುದು ಬೇರೆಯೇ ಒಂದು ಸಂಗತಿ.

ಕಲ್ಲೇಶ್ವರ ಗುಡಿಯ ಗರ್ಭಗೃಹವನ್ನೂ ಅಂತರಾಳವನ್ನೂ ಕಟ್ಟಿಸಿದವನು ದುಗ್ಗಿಮಯ್ಯ. ಅದು 10ನೇ ಶತಮಾನದ ನಡುಭಾಗ, ರಾಷ್ಟ್ರಕೂಟರ ಕಾಲ. ಮಹಾಮಂಟಪ ಎದ್ದದ್ದು 987ರ ಸುಮಾರಿಗೆ. ಅಷ್ಟರಲ್ಲಿ ರಾಷ್ಟ್ರಕೂಟರು ಇರಲಿಲ್ಲ. 973ರಲ್ಲಿ ಅವರನ್ನು ಕೆಡವಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಎತ್ತಿ ನಿಲ್ಲಿಸಿದ ಎರಡನೆಯ ತೈಲಪ, ಆಹವಮಲ್ಲನೆಂಬ ಬಿರುದಿನವನು, ಪಟ್ಟದಲ್ಲಿದ್ದ. ಅವನ ಕಾಲದ, 987ರ ಎರಡು ಶಾಸನಗಳು ಗುಡಿಯಲ್ಲಿವೆ. ವಂಶವೇ ಬದಲಾದರೂ ಗುಡಿಯ ಕೆಲಸ ನಿಲ್ಲಲಿಲ್ಲ.

ಆ ಹೊತ್ತಿನ ಸ್ಥಿತಿಯನ್ನು ನೆನೆಯಬೇಕು. ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಕರೆಸಿಕೊಳ್ಳುತ್ತಿದ್ದ ಈ ನಾಡು ಒಂದೇ ತಲೆಮಾರಿನಲ್ಲಿ ಕೈಯಿಂದ ಕೈಗೆ ಹೋಗಿತ್ತು. ಗಂಗರ ಮಾರಸಿಂಹ ನೊಳಂಬರನ್ನು ಬಡಿದು ನೊಳಂಬಕುಲಾಂತಕ ಎಂಬ ಬಿರುದು ಹೊತ್ತಿದ್ದ. ಅವನ ಬೆನ್ನಿಗೇ ಚಾಲುಕ್ಯರು ಬಂದರು. ಕುದುರೆ ಸವಾರರನ್ನು ಕಳಿಸಿ ತೆರಿಗೆ ಎತ್ತಬಹುದು. ಆದರೆ ಹೊಸ ದೊರೆಯನ್ನು ಊರು ತನ್ನವನೆಂದು ಒಪ್ಪಬೇಕಾದರೆ ಗುಡಿಯ ಆಚಾರ್ಯರು, ಅಗ್ರಹಾರದ ಮಹಾಜನರು, ಊರ ಗೌಡರು ಒಪ್ಪಬೇಕಿತ್ತು. ದಾನ ಆ ಒಪ್ಪಿಗೆಯ ಬೆಲೆ. ಹಿಂದಿನ ದೊರೆಯ ಕಾಲದ ಗುಡಿಯನ್ನು ಕೈಬಿಡದೆ ಬೆಳೆಸಿದರೆ, ಬಂದವನು ಸುಲಿಗೆಗೆ ಬಂದವನಲ್ಲ ಎಂದು ಸಾರಿದ ಹಾಗೆ. ದಾನಶಾಸನ ಶುರುವಾಗುವುದೇ ಆಳುವವನ ಬಿರುದಾವಳಿಯಿಂದ. ಸುದ್ದಿ ತಲುಪಿಸಲು ಬೇರೆ ದಾರಿಯಿಲ್ಲದ ಕಾಲದಲ್ಲಿ ರಾಜ್ಯ ಯಾರದು ಎಂದು ಊರಿಗೆ ಹೇಳುತ್ತಿದ್ದದ್ದು ಈ ಕಲ್ಲುಗಳೇ.

ಇಲ್ಲಿ ಮರೆಯಬಾರದ ಒಂದು ಮಾತಿದೆ. ದೊರೆಗಳು, ಸಾಮಂತರು ದಾನವೆಂದು ಕೊಡುತ್ತಿದ್ದದ್ದು ಬಹಳ ಸಲ ನೆಲದಿಂದ ತಮಗೆ ಬರಬೇಕಿದ್ದ ತೆರಿಗೆಯ ಹಕ್ಕನ್ನು. ಉಳುವವನು ಉಳುತ್ತಲೇ ಇದ್ದ. ಅರಮನೆಗೆ ಅಳೆಯುತ್ತಿದ್ದ ಧಾನ್ಯವನ್ನು ಗುಡಿಗೋ ಅಗ್ರಹಾರಕ್ಕೋ ಅಳೆಯತೊಡಗಿದ. ಅವನ ಹೆಸರು ಕಲ್ಲಿನ ಮೇಲೆ ಬರುವುದು ತೀರ ಅಪರೂಪ. ಇತಿಹಾಸಕಾರ ಆರ್.ಎಸ್. ಶರ್ಮ 1965ರಲ್ಲಿ ಪ್ರಕಟಿಸಿದ, ಭಾರತದ ಊಳಿಗಮಾನ್ಯ ಪದ್ಧತಿ ಕುರಿತ ಪುಸ್ತಕದಲ್ಲಿ ಇಂಥ ಭೂದಾನಗಳು ಅಧಿಕಾರವನ್ನು ಹೇಗೆ ಹಂಚಿದವು, ರೈತನನ್ನು ಹೇಗೆ ಹೊಸ ಒಡೆಯರ ಕೈಗೆ ಕೊಟ್ಟವು ಎಂದು ತೋರಿಸಿದರು. ಅವರ ವಾದವನ್ನು ಒಪ್ಪದ ಇತಿಹಾಸಕಾರರು ಬಹಳ ಮಂದಿ ಇದ್ದಾರೆ. ಆದರೆ ಕೊಟ್ಟದ್ದು ಯಾರ ದುಡಿಮೆಯನ್ನು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ದಾನಿಯನ್ನು ಹೊಗಳಲು ಆ ಬಳಿಕ ಯಾರಿಗೂ ಬರುವಂತಿಲ್ಲ.

ಆದರೂ ಆ ಕಲ್ಲುಗಳಲ್ಲಿ ನಾನು ಗೌರವದಿಂದ ಓದುವ ಒಂದು ಭಾಗವಿದೆ. ಕೊಟ್ಟ ನೆಲ ಎಷ್ಟು ಮತ್ತರು, ಎಲ್ಲೆ ಯಾವ ಹಳ್ಳದಿಂದ ಯಾವ ಮರದವರೆಗೆ, ಹುಟ್ಟುವಳಿಯಲ್ಲಿ ನಂದಾದೀವಿಗೆಗೆ ಎಷ್ಟು, ನೈವೇದ್ಯಕ್ಕೆ ಎಷ್ಟು, ಜೀರ್ಣೋದ್ಧಾರಕ್ಕೆ ಎಷ್ಟು, ನೋಡಿಕೊಳ್ಳುವವರು ಯಾರು ಎಂದೆಲ್ಲ ಆ ಕಾಲದ ದಾನಶಾಸನಗಳು ಬಿಡಿಸಿ ಬರೆಯುತ್ತವೆ. ಕಡೆಯಲ್ಲಿ ಶಾಪಾಶಯ ಬರುತ್ತದೆ. ತಾನೇ ಕೊಟ್ಟದ್ದಿರಲಿ, ಇನ್ನೊಬ್ಬರು ಕೊಟ್ಟದ್ದಿರಲಿ, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎನ್ನುವ ಅರ್ಥದ ಮಾತು ಕನ್ನಡ ನಾಡಿನ ನೂರಾರು ಕಲ್ಲುಗಳಲ್ಲಿದೆ. ಗಮನಿಸಬೇಕಾದದ್ದು, ಆ ಶಾಪ ಮೊದಲು ತಗಲುವುದು ಕೊಟ್ಟವನಿಗೇ. ಕೊಟ್ಟ ಮೇಲೆ ಅದು ಅವನದಲ್ಲ, ಮಗ ಮೊಮ್ಮಕ್ಕಳೂ ಕೇಳುವಂತಿಲ್ಲ. ಹೊಸ ವಂಶ ಬಂದರೂ ನಡೆಸಿಕೊಂಡು ಹೋಗಬೇಕು. ರಾಜಕೀಯಕ್ಕೆ ಕೊಟ್ಟದ್ದೇ ಆದರೂ ಆ ದಾನ ಕೊಟ್ಟವನ ಕೈಕಟ್ಟುತ್ತಿತ್ತು, ಎಲ್ಲರ ಕಣ್ಣೆದುರು ಲೆಕ್ಕ ಒಪ್ಪಿಸುತ್ತಿತ್ತು.

ಯಾರದನ್ನು ಕೊಟ್ಟರು, ಕೊಟ್ಟ ಮೇಲೆ ಕಟ್ಟುಬಿದ್ದವರು ಯಾರು? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಮುಂದಿನ ಕಾಲವನ್ನು ನೋಡೋಣ.

1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೊ ಇಲ್ಲಿ 1807ರವರೆಗೆ ಪ್ರಧಾನ ಕಲೆಕ್ಟರ್ ಆಗಿದ್ದ. ಈ ಸೀಮೆ ಸೇರಿದ್ದ ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯ ಜಿಲ್ಲೆಯಾಯಿತು. 1876ರಿಂದ 78ರವರೆಗೆ ಬಂದ ಬರ ಈ ಜಿಲ್ಲೆಯನ್ನು ಹಿಂಡಿಹಾಕಿತು. 1871ರ ಜನಗಣತಿಗೂ 1881ರದಕ್ಕೂ ನಡುವೆ ಬಳ್ಳಾರಿ ಜಿಲ್ಲೆ ಸುಮಾರು ಐದನೇ ಒಂದು ಪಾಲು ಜನರನ್ನು ಕಳೆದುಕೊಂಡಿತು. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಸಾರುವ ದರ್ಬಾರು ನಡೆದಿತ್ತು. ಅದೇ ತಿಂಗಳು ಬರ ಪರಿಹಾರದ ಉಸ್ತುವಾರಿಗೆ ಬಂದ ಸರ್ ರಿಚರ್ಡ್ ಟೆಂಪಲ್, ಕಾಮಗಾರಿಯಲ್ಲಿ ದುಡಿಯುವ ಹಸಿದವರ ದಿನದ ಕೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಕಾಸಿಗೆ ಇಳಿಸಿದ. ಅರ್ಧ ಕಿಲೊಗೂ ಕಡಿಮೆ. ಸಾಯುವವರ ಸಂಖ್ಯೆ ಏರಿದ ಮೇಲೆ, 1877ರ ಆಗಸ್ಟ್‌ನಲ್ಲಿ ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಇಂಗ್ಲೆಂಡಿನ ಜನರಲ್ಲಿ ನೇರವಾಗಿ ಮೊರೆಯಿಟ್ಟ. ಲಂಡನ್ನಿನ ಮೇಯರ್ ಮ್ಯಾನ್ಷನ್ ಹೌಸ್‌ನಲ್ಲಿ ನಿಧಿ ತೆರೆದರು. ಲಕ್ಷಾಂತರ ಪೌಂಡ್ ಬಂತು. ವೈಸರಾಯ್ ಲಿಟನ್‌ಗೆ ಈ ಮೊರೆ ಹಿಡಿಸಿರಲಿಲ್ಲ. ಆಳುವವರು ಸೋತಿದ್ದಾರೆಂದು ಜಗತ್ತಿಗೆ ತೋರಿಸಿದಂತಾಯಿತು ಎಂಬುದು ಅವನ ಅಳಲು.

ಆ ನಿಧಿಗೆ ಕಾಸು ಹಾಕಿದ ಇಂಗ್ಲೆಂಡಿನ ಸಾಮಾನ್ಯ ಜನರ ಮರುಕವನ್ನು ನಾನು ಕಡೆಗಣಿಸಲಾರೆ. ಆದರೆ ಕಂದಾಯ ಹೋದದ್ದು ಇಲ್ಲಿಂದ, ಬರದ ವರ್ಷಗಳಲ್ಲೂ ಭಾರತದಿಂದ ಗೋಧಿ ಹಡಗೇರುತ್ತಿತ್ತು, ಮರಳಿ ಬಂದದ್ದಕ್ಕೆ ಮಾತ್ರ ದಾನ ಎಂಬ ಹೆಸರು. ಬಹುಕಾಲ ಉಳಿದ ಉಪಕಾರ ಆ ಬಳಿಕ ಆಯಿತು: 1880ರ ಬರಗಾಲ ಆಯೋಗದ ವರದಿ, ಅದರಿಂದ ಹುಟ್ಟಿದ ಬರಗಾಲ ಸಂಹಿತೆ. ಯಾವ ಸ್ಥಿತಿಯಲ್ಲಿ ಸರ್ಕಾರ ಏನು ಮಾಡಲೇಬೇಕು ಎಂದು ಬರೆದಿಟ್ಟ ನಿಯಮ ಅದು. ಅದರಲ್ಲಿ ಜಿಪುಣತನವೂ ಇತ್ತು. ಆದರೆ ಅಧಿಕಾರಿಯ ಕರುಣೆಯನ್ನೊಂದೇ ನೆಚ್ಚಿಕೊಳ್ಳಬೇಕಾದ ಸ್ಥಿತಿ ಅಲ್ಲಿಗೆ ಮುಗಿಯತೊಡಗಿತು.

ಸ್ವಾತಂತ್ರ್ಯ ಬಂದ ಮೇಲೆ ಕೊಡುವ ಕೈ ಇನ್ನೂ ದೂರದ್ದಾಯಿತು. ಅಮೆರಿಕ 1954ರಲ್ಲಿ ಮಾಡಿದ ಪಿ.ಎಲ್. 480 ಕಾನೂನಿನಡಿ ತನ್ನಲ್ಲಿ ಮಿಕ್ಕ ಗೋಧಿಯನ್ನು ಭಾರತಕ್ಕೆ ಕಳಿಸತೊಡಗಿತು. 1965 ಮತ್ತು 66ರಲ್ಲಿ ಒಂದರ ಹಿಂದೊಂದು ಮಳೆ ಕೈಕೊಟ್ಟಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ಒಟ್ಟಿಗೆ ಒಪ್ಪಂದ ಮಾಡಿಕೊಳ್ಳದೆ ತಿಂಗಳು ತಿಂಗಳು ಹಡಗನ್ನು ಬಿಡುವ ಪದ್ಧತಿ ತಂದರು. ಕೃಷಿ ನೀತಿ ಬದಲಿಸಿ ಎಂಬುದು ಒಂದು ಒತ್ತಡ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸುತ್ತಿದ್ದದ್ದು ಅವರ ಸಿಟ್ಟಿಗೆ ಇನ್ನೊಂದು ಕಾರಣ. ಸೋಮವಾರ ಒಂದೊಪ್ಪತ್ತು ಬಿಡಿ ಎಂದು ಲಾಲ್ ಬಹದ್ದೂರ್ ಶಾಸ್ತ್ರಿ ದೇಶಕ್ಕೆ ಕರೆ ಕೊಟ್ಟದ್ದು ಇದೇ ಕಾಲದಲ್ಲಿ. ನಮ್ಮ ಶಾಲೆಗಳಲ್ಲಿ ಕೇರ್ ಸಂಸ್ಥೆಯ ಹಾಲಿನಪುಡಿ ಕಲಸಿದ ಹಾಲು, ಅಮೆರಿಕದ ಗೋಧಿ ರವೆಯ ಉಪ್ಪಿಟ್ಟು ಬಂದವು. ಅದನ್ನು ತಿಂದು ಓದಿದ ಒಂದು ತಲೆಮಾರು ಆ ರುಚಿಯನ್ನು ಪ್ರೀತಿಯಿಂದಲೇ ನೆನೆಯುತ್ತದೆ. ನೆನೆಯಲಿ. ಮಗುವಿನ ಹಸಿವಿಗೆ ವಿದೇಶಾಂಗ ನೀತಿ ತಿಳಿಯುವುದಿಲ್ಲ.

ಆ ಉಪ್ಪಿಟ್ಟಿಗೂ ಇಂದಿನ ಬಿಸಿಯೂಟಕ್ಕೂ ಇರುವ ದೂರವನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ. ಜನರ ಸಂಘಟನೆಯೊಂದು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು, ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಲೇಬೇಕು ಎಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಬಳ್ಳಾರಿಯೂ ಸೇರಿ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಕಾನೂನಿನ ಹಕ್ಕಾಗಿಸಿತು. ತಟ್ಟೆಯಲ್ಲಿ ಅನ್ನ ಸಾರು ಇಲ್ಲದಿದ್ದರೆ ಇಂದು ಒಬ್ಬ ತಾಯಿ ಶಾಲೆಗೆ ಹೋಗಿ ಯಾಕಿಲ್ಲ ಎಂದು ಕೇಳಬಹುದು. ಕೊಟ್ಟವರ ಹಂಗು ಅವಳಿಗಿಲ್ಲ.

ಈಗ ಹತ್ತಿರದ ಕಾಲಕ್ಕೆ ಬರೋಣ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿ ಬಳ್ಳಾರಿ ಸೀಮೆಗೆ ಎಂದೂ ಕಾಣದ ಹಣ ಬಂತು. ಆ ಹಣದೊಡನೆ ಹೊಸ ಬಗೆಯ ದಾನಿಗಳೂ ಬಂದರು. ಸಾಮೂಹಿಕ ಮದುವೆಗಳ ಚಪ್ಪರ, ತಾಳಿ, ಸೀರೆ, ಪಂಚೆ, ಊರಿಗೊಂದು ಆಂಬುಲೆನ್ಸ್, ಗುಡಿಗಳಿಗೆ ಗೋಪುರ. 1972ರಿಂದ ಧರ್ಮಸ್ಥಳದಲ್ಲಿ ಉಚಿತ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ಸಾಲವಿಲ್ಲದೆ ಮದುವೆಯಾದ ಬಡವರಿಗೆ ಅದು ಎಂಥ ಆಸರೆ ಎಂಬುದು ನಮಗೆ ಗೊತ್ತು. ಬಳ್ಳಾರಿಯಲ್ಲಿ ಅದೇ ಚಪ್ಪರದ ಮೇಲೆ ಮದುಮಕ್ಕಳ ಹೆಸರಿಗಿಂತ ದೊಡ್ಡದಾಗಿ ನಾಯಕರ ಮುಖ ಬಂತು.

2009ರ ಜೂನ್‌ನಲ್ಲಿ ಆಗ ಸಚಿವರಾಗಿದ್ದ ಜಿ. ಜನಾರ್ದನ ರೆಡ್ಡಿ ತಿರುಪತಿಯ ವೆಂಕಟೇಶ್ವರನಿಗೆ ಸುಮಾರು 45 ಕೋಟಿ ರೂಪಾಯಿ ಬೆಲೆಯ ವಜ್ರಖಚಿತ ಚಿನ್ನದ ಕಿರೀಟ ಅರ್ಪಿಸಿದರು. ಅವರ ಅಣ್ಣ ಜಿ. ಕರುಣಾಕರ ರೆಡ್ಡಿ 2008ರಲ್ಲಿ ಗೆದ್ದಿದ್ದು ಬಾಗಳಿ ಇರುವ ಹರಪನಹಳ್ಳಿ ಕ್ಷೇತ್ರದಿಂದ. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು: ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಓಬಳಾಪುರಂ ಗಣಿ ಪ್ರಕರಣದಲ್ಲಿ ಸಿಬಿಐ ಜನಾರ್ದನ ರೆಡ್ಡಿಯವರನ್ನು ಬಂಧಿಸಿತು. 2025ರ ಮೇನಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ಶಿಕ್ಷೆ ವಿಧಿಸಿತು, ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಪ್ರಕರಣದ ಕೊನೆಯ ಮಾತು ನ್ಯಾಯಾಲಯದ್ದು. ಆದರೆ ನೆಲದಡಿಯ ಅದಿರು ಯಾರ ಸ್ವತ್ತು ಎನ್ನುವುದಕ್ಕೆ ತೀರ್ಪಿಗಾಗಿ ಕಾಯಬೇಕಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುವ ಗಾದೆ ಇಲ್ಲಿಯ ಜನಕ್ಕೆ ಬಾಯಿಪಾಠ. ಅದನ್ನು ಲೋಕಾಯುಕ್ತ ವರದಿ ಅಂಕಿಗಳಲ್ಲಿ ಬರೆಯಿತು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅರ್ಜೆಂಟೀನಾದಲ್ಲಿ ಅಧ್ಯಕ್ಷರ ಪತ್ನಿ ಎವಾ ಪೆರೋನ್ 1948ರಲ್ಲಿ ತನ್ನ ಹೆಸರಿನ ಪ್ರತಿಷ್ಠಾನ ಕಟ್ಟಿದಳು. ಹೊಲಿಗೆ ಯಂತ್ರ, ಬೂಟು, ಆಟಿಕೆ, ಮನೆ, ಆಸ್ಪತ್ರೆ. ಬಂದವರನ್ನು ತಾನೇ ಕೂರಿಸಿಕೊಂಡು ಗಂಟೆಗಟ್ಟಲೆ ಅಹವಾಲು ಕೇಳುತ್ತಿದ್ದಳು. ಬಡವರ ಮೇಲಿನ ಅವಳ ಪ್ರೀತಿ ನಿಜವೇ ಇದ್ದಿರಬಹುದು. ಹಣ ಬಂದದ್ದು ಕಾರ್ಮಿಕರ ಸಂಬಳದ ಕಡಿತದಿಂದ, ಕೊಡದೆ ಗತಿಯಿಲ್ಲದ ಕಂಪನಿಗಳಿಂದ. 1955ರಲ್ಲಿ ಸೈನ್ಯ ಅಧಿಕಾರ ಹಿಡಿದಾಗ ಪ್ರತಿಷ್ಠಾನವೇ ಇಲ್ಲವಾಯಿತು. ನಾಯಕಿಯ ಹೆಸರಿನಲ್ಲಿ ಬಂದದ್ದು ಆ ಹೆಸರಿನೊಡನೆ ಹೋಯಿತು. ಕೀನ್ಯಾದಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ಊರವರೇ ಕೂಡಿ ಶಾಲೆ ಕಟ್ಟಿಕೊಳ್ಳಲಿ ಎಂದು ಶುರುವಾದ ಹರಾಂಬೆ ಎಂಬ ಒಳ್ಳೆಯ ರೂಢಿ ಕೆಲವೇ ವರ್ಷಗಳಲ್ಲಿ ಶಾಸಕರು ನೋಟಿನ ಕಂತೆ ಎಣಿಸಿ ಕೊಡುವ ವೇದಿಕೆಯಾಯಿತು. 2003ರಲ್ಲಿ ಕಾನೂನಿನಿಂದ ತಡೆಯಲು ನೋಡಿದರು. 2024ರಲ್ಲಿ ಯುವಜನ ತೆರಿಗೆಯ ವಿರುದ್ಧ ಬೀದಿಗಿಳಿದ ಮೇಲೆ ಅಧ್ಯಕ್ಷ ರೂಟೊ, ಸರ್ಕಾರಿ ಹುದ್ದೆಯಲ್ಲಿರುವ ಯಾರೂ ಹರಾಂಬೆಗೆ ಹಣ ಕೊಡಕೂಡದು ಎಂದು ಘೋಷಿಸಬೇಕಾಯಿತು. ಈ ಹಣ ಎಲ್ಲಿಂದ ಬಂತು ಎಂದು ಅಲ್ಲಿಯ ಹುಡುಗರು ಕೇಳಿದ್ದರು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಮತಕ್ಕಾಗಿ ಕೊಡುವ ಉಡುಗೊರೆಯನ್ನು ಭ್ರಷ್ಟಾಚಾರವೆನ್ನುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ವಶವಾದ ನಗದು, ಮದ್ಯ, ಚಿನ್ನ, ಸೀರೆ, ಕುಕ್ಕರ್‌ಗಳ ಮೊತ್ತ 375 ಕೋಟಿ ರೂಪಾಯಿ ದಾಟಿತು. 2018ರದಕ್ಕಿಂತ ನಾಲ್ಕೂವರೆ ಪಟ್ಟು ಎಂದು ಚುನಾವಣಾ ಆಯೋಗವೇ ಹೇಳಿತು. ಆದರೆ ಅಭ್ಯರ್ಥಿಯ ಖರ್ಚಿನ ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ. ವಿಧಾನಸಭೆಗೆ ಮಿತಿ 40 ಲಕ್ಷ. ಅದಕ್ಕೂ ಮೊದಲಿನ ನಾಲ್ಕೂಮುಕ್ಕಾಲು ವರ್ಷ ಟ್ರಸ್ಟ್ ಒಂದರ ಹೆಸರಿನಲ್ಲಿ ಹಂಚಿದ ಯುಗಾದಿ ಕಿಟ್, ನೋಟ್‌ಬುಕ್, ಕ್ರಿಕೆಟ್ ಬ್ಯಾಟು, ತಿರುಪತಿ ಯಾತ್ರೆಯ ಬಸ್ಸು ಯಾವ ಲೆಕ್ಕಕ್ಕೂ ಬರುವುದಿಲ್ಲ. ನೆಲದ ಎಲ್ಲೆಯನ್ನು ಕಲ್ಲಿನಲ್ಲಿ ಬರೆಸಿದ ಕಾಲದ ಮುಂದೆ, ಈ ವಿಷಯದಲ್ಲಂತೂ, ನಾವು ಹಿಂದಕ್ಕೆ ಹೋಗಿದ್ದೇವೆ. ಇಂದಿನ ದಾನಿ ಯಾವುದಕ್ಕೂ ಕಟ್ಟುಬೀಳುವುದಿಲ್ಲ. ಕಟ್ಟುಬೀಳುವವರು ಪಡೆದವರು. ದೇವರ ಫೋಟೊದ ಮೇಲೆ ಕೈಯಿಡಿಸಿ ಆಣೆ ಮಾಡಿಸಿಕೊಳ್ಳುವುದೂ ನಡೆಯುತ್ತದೆ.

ಪಡೆದವರನ್ನು ಮತ ಮಾರಿಕೊಂಡವರು ಎಂದು ಬೈಯುವುದು ನಗರದ ಓದುಬಲ್ಲವರ ರೂಢಿ. ಅದು ಅನ್ಯಾಯ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹಳ್ಳಿಗಳಿಂದ ಮಳೆ ಹೋದ ವರ್ಷ ಜನ ಗುಳೆ ಹೋಗುತ್ತಾರೆ. ಮಲೆನಾಡಿನ ಕಾಫಿ ತೋಟ, ಬೆಂಗಳೂರಿನ ಕಟ್ಟಡ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ದಾವಣಗೆರೆಗೋ ಬಳ್ಳಾರಿಗೋ ಹೊರಡಬೇಕು. ಅಂಥ ರಾತ್ರಿ ಫೋನ್ ಎತ್ತಿ ಗಾಡಿ ಕಳಿಸುವ, ಸತ್ತ ಮನೆಗೆ ಬಂದು ಐದು ಸಾವಿರ ಕೈಗಿಟ್ಟು ಹೋಗುವ ಮನುಷ್ಯನನ್ನು ಜನ ನೆನಪಿಡುತ್ತಾರೆ. ಅದು ಕೃತಜ್ಞತೆ, ಮಾರಾಟವಲ್ಲ. ಮೂರು ಪಕ್ಷದವರಿಂದಲೂ ಸೀರೆ ಪಡೆದು ತಮಗೆ ಬೇಕಾದವರಿಗೆ ಮತ ಹಾಕುವ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ. ತಪ್ಪು ಇರುವುದು ಆ ರಾತ್ರಿ ಆಂಬುಲೆನ್ಸ್ ತಾನಾಗಿ ಬಾರದ ವ್ಯವಸ್ಥೆಯಲ್ಲಿ, ಮತ್ತು ಅದು ಹಾಗೆಯೇ ಇದ್ದರೆ ತನಗೆ ಅನುಕೂಲ ಎಂದು ಬಲ್ಲ ದಾನಿಯಲ್ಲಿ.

ಸರ್ಕಾರದ ಗ್ಯಾರಂಟಿಗಳನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ನಾನು ಸೇರಿಸುವುದಿಲ್ಲ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬಜೆಟ್‌ನಲ್ಲಿ ಬರೆದ ಹಣ. ವಿರೋಧ ಪಕ್ಷಕ್ಕೆ ಮತ ಹಾಕಿದವಳ ಖಾತೆಗೂ ಬರುತ್ತದೆ, ತಡವಾದರೆ ಅವಳು ಜೋರಾಗಿ ಕೇಳುತ್ತಾಳೆ. ಪ್ರಣಾಳಿಕೆಯ ಭರವಸೆ ಭ್ರಷ್ಟಾಚಾರವಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಹಿಂದೆಯೂ ಇಂಥ ತಿಳಿವಿದೆ. ಅಲ್ಲಿ ನನಗಿರುವ ತಕರಾರು ಫೋಟೊಗಳ ಬಗ್ಗೆ. ಸರ್ಕಾರಿ ಜಾಹೀರಾತಿನಲ್ಲಿ ಯಾರ ಮುಖ ಇರಬಹುದೆಂದು 2015ರಲ್ಲಿ ಅದೇ ನ್ಯಾಯಾಲಯ ಮಿತಿ ಹಾಕಿತ್ತು. ಮರುವರ್ಷ ಮುಖ್ಯಮಂತ್ರಿಗಳಿಗೂ ಸಚಿವರಿಗೂ ಸಡಿಲಿಸಿತು. ಜನರ ಹಣ ಮತ್ತೆ ಒಬ್ಬರ ಕೊಡುಗೆಯಂತೆ ಕಾಣಲು ಅಷ್ಟು ಸಾಕು.

ಅದಿರಿನ ಹಣಕ್ಕೂ ಈಗ ಕಾನೂನಿನ ದಾರಿಯೊಂದು ಇದೆ. 2015ರ ತಿದ್ದುಪಡಿಯ ಪ್ರಕಾರ ಗಣಿಯವರು ರಾಜಧನದ ಮೇಲೆ, ಹಳೆಯ ಗುತ್ತಿಗೆಯಾದರೆ ಶೇ 30, ಹರಾಜಿನಲ್ಲಿ ಪಡೆದದ್ದಾದರೆ ಶೇ 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಬಾಧೆಗೊಳಗಾದ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಅದು ಮೊದಲು ಹೋಗಬೇಕು, ಕಾಮಗಾರಿಗಳ ಪಟ್ಟಿ ಪ್ರಕಟವಾಗಬೇಕು. ಕೊಟ್ಟವರ ಮುಖ ಎಲ್ಲೂ ಬೇಕಾಗಿಲ್ಲ. ಕೇಳುವವರು ಮಾತ್ರ ಬೇಕು. ಕೇಳಬೇಕಾದ ಕಡೆಯೇ ಕುರ್ಚಿ ಖಾಲಿ: ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಬೋರ್‌ವೆಲ್ ಕೆಟ್ಟಾಗ ಬಾಗಿಲು ತಟ್ಟಲು ತಾಲ್ಲೂಕು ಪಂಚಾಯಿತಿ ಸದಸ್ಯ ಇಲ್ಲದಿದ್ದರೆ ಜನ ಟ್ರಸ್ಟಿನ ಕಚೇರಿಗೆ ಹೋಗುತ್ತಾರೆ, ಅಲ್ಲಿ ಹೆಸರು, ಮೊಬೈಲ್ ನಂಬರು, ಮನೆಯಲ್ಲಿ ಎಷ್ಟು ಮತ ಎಂದು ಬರೆಸಿಕೊಳ್ಳುತ್ತಾರೆ. ಈ ಸೀಮೆಯ ಹಳ್ಳಿಗಳಿಗೆ ಸದ್ಯ ಉಳಿದಿರುವುದು ಗ್ರಾಮಸಭೆ. ಖನಿಜ ನಿಧಿಯಲ್ಲಿ ನಮ್ಮ ಜಿಲ್ಲೆಗೆ ಎಷ್ಟು ಬಂತು, ಅದರಲ್ಲಿ ನಮ್ಮ ಊರಿಗೆ ಎಷ್ಟು, ಪಂಚಾಯಿತಿ ಚುನಾವಣೆ ಯಾವಾಗ ಎಂದು ಅಲ್ಲಿ ಎದ್ದು ನಿಂತು ಕೇಳಬೇಕು, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿಯೇ ಹೊರಡಬೇಕು.